ದೋಷವು ಮರದ್ದೋ, ಸಂಧಿಯದ್ದೋ?

ಮಣೆಯ ಮೇಲೆ ಕುಳಿತು ಉಣ್ಣುತ್ತಿದ್ದ ಮನೆಗಳಲ್ಲಿ ಈಗ ಅಡುಗೆಯ ಕಟ್ಟೆಗೆ ಹೊಂದಿಸಿ ಎತ್ತರವಾದ ತಿಂಡಿಹಲಗೆಯೊಂದನ್ನು ಇರಿಸಿಕೊಳ್ಳುವ ಪದ್ಧತಿಯು ಬಂದಿರುವುದಷ್ಟೆ. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಂತಹ ಊರುಗಳೂ ಇದಕ್ಕೆ ಹೊರತಲ್ಲ. ಮೊಣಕಾಲು ಮಡಿಸಲಾರದ ವೃದ್ಧರಿಗೂ ಶಾಲೆಗೆ ಹೊರಡುವ ಮಕ್ಕಳಿಗೂ ಅದರಿಂದ ಅನುಕೂಲವೇ ಆಗಿರುವುದರಿಂದ ಪದ್ಧತಿಯನ್ನು ನಿಂದಿಸಲು ಕಾರಣವಿಲ್ಲ. ಆದರೆ ಅದರೊಡನೆ ಬೇರೂರುತ್ತಿರುವ ಒಂದು ಅಪವಾದವು ಖಂಡನಾರ್ಹವಾಗಿದೆ. “ಹಿತ್ತಿಲ ಹಲಸಿನ ಹಲಗೆಗಳನ್ನು ಕೂಡಿಸಿದರೆ ವರ್ಷ ತುಂಬುವುದರೊಳಗೆ ಬಿರಿಯುತ್ತವೆ, ಊರಿನ ಮರವೂ ಸಾಲದು, ಊರಿನ ಬಡಗಿಯೂ ಸಾಲದು, ಪೇಟೆಯ ಸಿದ್ಧಹಲಗೆಯನ್ನೇ ತರತಕ್ಕದ್ದು” ಎಂಬುದೇ ಆ ಅಪವಾದ.

ಬಿರಿಯುವುದು ನಿಜ. ಏತಕ್ಕೆ ಬಿರಿಯುತ್ತದೆಂದು ವಿಚಾರಿಸಿದವರೆಷ್ಟು ಮಂದಿ? ಮರವು ಕಡಿದ ಮೇಲೂ ಗಾಳಿಯ ತೇವವನ್ನು ಹೀರುತ್ತ ಬಿಡುತ್ತ ಇರುತ್ತದೆ. ನಾರಿನ ಉದ್ದಕ್ಕೆ ಅದು ಕದಲುವುದು ಇಲ್ಲವೆಂಬಷ್ಟು ಅಲ್ಪ. ಅಡ್ಡಗಲಕ್ಕೆ ಮಾತ್ರ ಹಿಗ್ಗಿ ಕುಗ್ಗುತ್ತದೆ. ಎರಡಡಿ ಅಗಲದ ಹಲಗೆಯು ಬೇಸಗೆಗೂ ಮಳೆಗಾಲಕ್ಕೂ ನಡುವೆ ಅಂಗುಲದ ಎಂಟನೆಯ ಒಂದು ಭಾಗದಷ್ಟಾದರೂ ವ್ಯತ್ಯಾಸ ಹೊಂದುವುದು ಸಹಜ. ಇಂತಹುದನ್ನು ಕೆಳಗಿನ ಚೌಕಟ್ಟಿಗೆ ಅಂಟು ಬಳಿದು, ಸುತ್ತಲೂ ಮೊಳೆ ಹೊಡೆದು ಬಿಗಿದರೆ ಅದು ಕುಗ್ಗಲು ದಾರಿಯೆಲ್ಲಿ? ದಾರಿ ಕಾಣದೆ ತನ್ನ ಮೈಯನ್ನೇ ಸೀಳಿಕೊಳ್ಳುತ್ತದೆ. ಬಿಗಿದವನ ತಪ್ಪಿಗೆ ಬಿರಿದುದನ್ನು ದೂರುವುದು ಯಾವ ನ್ಯಾಯ?

ವ್ಯಾಕರಣವನ್ನೋದಿದವರಿಗೆ ಈ ಮರ್ಮವು ಹೊಸದಲ್ಲ. ಎರಡು ಸ್ವರಗಳು ಎದುರುಬದುರಾದ ಮಾತ್ರಕ್ಕೆ ಎಲ್ಲೆಡೆಯೂ ಸಂಧಿಯಾಗುವುದಿಲ್ಲ. ಕೆಲವೆಡೆ ಪ್ರಕೃತಿಭಾವವೇ ವಿಧಿ. ಬಡಗಿಯ ಶಾಸ್ತ್ರವೂ ಹಾಗೆಯೇ. ಹಲಗೆಗೂ ಹಲಗೆಗೂ ನಾರು ಒಂದೇ ದಿಕ್ಕಿಗಿರುವುದರಿಂದ ಅಲ್ಲಿ ಸಂಧಿಯು ಗಟ್ಟಿಯಾಗಿರತಕ್ಕದ್ದು. ಹಲಗೆಗೂ ಅಡ್ಡಪಟ್ಟಿಗೂ ನಾರಿನ ದಿಕ್ಕು ಬೇರೆಯಾದುದರಿಂದ ಅಲ್ಲಿ ಕೊಂಚ ಸಡಿಲವಿರತಕ್ಕದ್ದು. ಮಾನಸಾರ, ಮಯಮತಗಳಂತಹ ಗ್ರಂಥಗಳು ಸಂಧಿಕರ್ಮಕ್ಕೆಂದೇ ಅಧ್ಯಾಯವನ್ನು ಮೀಸಲಿಟ್ಟಿರುವುದು ಸುಮ್ಮನೆ ಅಲ್ಲ.

ಬಲ್ಲ ಬಡಗಿಯು ಹಲಗೆಗಳ ಅಂಚನ್ನು ಕೀಸುಳಿಯಿಂದ ಹೆರೆದು, ಬೆಳಕಿಗೆ ಹಿಡಿದಾಗ ನಡುವೆ ಕಿರಣ ನುಸುಳದಂತೆ ಕೂಡಿಸುತ್ತಾನೆ. ಒಂದರ ಅಂಚಿನಲ್ಲಿ ಸಣ್ಣ ಕಾಲುವೆ, ಮತ್ತೊಂದರಲ್ಲಿ ಅದಕ್ಕೆ ತಕ್ಕ ನಾಲಗೆ. ಅಂಟು ಅಲ್ಲಿಗೆ ಮಾತ್ರ. ಚೌಕಟ್ಟಿಗೆ ನಿಲ್ಲಿಸುವಾಗ ನಡುವಿನ ತಿರುಪುಮೊಳೆಯನ್ನು ಬಿಗಿಮಾಡಿ, ಅಂಚಿನವಕ್ಕೆ ಹಲಗೆಯ ಅಗಲದ ದಿಕ್ಕಿಗೆ ನೀಳವಾದ ತೂತುಗಳನ್ನು ಬಿಡುತ್ತಾನೆ. ಎಣ್ಣೆಯನ್ನು ಮೇಲ್ಮೈಗೆ ಬಳಿದಷ್ಟೇ ಅಡಿಗೂ ಬಳಿಯುತ್ತಾನೆ. ಇದನ್ನರಿಯದ ಬಡಗಿಗಳೂ ಉಂಟು. ಆದರೆ ಅರಿತವನಿಗೆ ಒಂದು ದಿನದ ಕೂಲಿಯನ್ನು ಹೆಚ್ಚಿಗೆ ಕೊಡಲು ಹಿಂಜರಿಯುವವರೇ ಅರಿಯದವನನ್ನು ಸಾಕುವವರು.

ಇನ್ನು ಗೃಹಸ್ಥರ ಆತುರ. ಗೃಹಪ್ರವೇಶದ ಮುಹೂರ್ತವು ನಿಶ್ಚಯವಾದ ಮೇಲೆ ಮರವನ್ನು ಕುಯ್ಯಿಸಿ, ಹಸಿ ಹಲಗೆಯನ್ನು ಬಡಗಿಯ ಮುಂದೆ ಹಾಕಿದರೆ ವಿಶ್ವಕರ್ಮನೇ ಬಂದರೂ ಮಾಡುವುದೇನು? ಹಲಗೆಗಳ ನಡುವೆ ಪಟ್ಟಿಗಳನ್ನಿಟ್ಟು, ನೆರಳಿನಲ್ಲಿ ಗಾಳಿಯಾಡುವಂತೆ ತಿಂಗಳುಗಟ್ಟಲೆ ಒಣಗಿಸಲೇಬೇಕು. ಮರದ ತೇವಾಂಶದ ಮಿತಿಯನ್ನು ಹೇಳುವುದಕ್ಕೆಂದೇ ಐಎಸ್ 287 ಎಂಬ ಭಾರತೀಯ ಮಾನಕವುಂಟು. 1938ರಲ್ಲಿ ಅರಣ್ಯ ಸಂಶೋಧನಾಲಯವಾಗಿ ಆರಂಭವಾಗಿ, 1988ರಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಗಿ ಬೆಳೆದ ವಿದ್ಯಾಸ್ಥಾನವೊಂದು ಬೆಂಗಳೂರಿನ ಮಲ್ಲೇಶ್ವರದಲ್ಲಿಯೇ ಇದೆ. ವಿದ್ಯೆಗೆ ಕೊರತೆಯಿಲ್ಲ, ಕೊರತೆಯಿರುವುದು ತಾಳ್ಮೆಗೆ.

ಸಿದ್ಧಹಲಗೆಗಳೆಲ್ಲವೂ ಹೀನವೆಂದು ಹೇಳುವುದು ಅನ್ಯಾಯವಾದೀತು. ಐಎಸ್ 710ಕ್ಕೆ ಒಪ್ಪುವ ಪ್ಲೈವುಡ್ಡು ತೇವಕ್ಕೆ ತಡೆಯುತ್ತದೆ. ತೆಳುಪದರಗಳನ್ನು ನಾರು ಅಡ್ಡಬರುವಂತೆ ಒಂದರ ಮೇಲೊಂದು ಕೂಡಿಸಿದ ಅದೂ ಸಂಧಿಯ ಫಲವೇ. ಆದರೆ ಕಡಿಮೆ ಬೆಲೆಗೆ ಮರುಳಾಗಿ ತರುವ, ಮರದ ಚೂರುಗಳನ್ನು ಅಂಟಿನಲ್ಲಿ ಒತ್ತಿದ ಹಲಗೆಯು ಅಂಚಿನಲ್ಲಿ ನೀರು ಕುಡಿದು ಊದಿಕೊಂಡಿತೆಂದರೆ ಅದಕ್ಕೆ ಚಿಕಿತ್ಸೆಯೇ ಇಲ್ಲ. ಹಲಸಿನ ಹಲಗೆಯನ್ನಾದರೋ ಬಿಚ್ಚಿ, ಹೆರೆದು, ಪುನಃ ಕೂಡಿಸಬಹುದು.

ಅಜ್ಜ ನೆಟ್ಟ ಮರವು ಸೌದೆಯ ಒಟ್ಟಿಲಿಗೆ ಹೋಗಿ, ಬಡಗಿಯ ಮಗನು ಉಳಿಯನ್ನು ಮೂಲೆಗಿಟ್ಟು ಬೇರೆ ದುಡಿಮೆಯನ್ನು ಹುಡುಕಿಕೊಂಡು ಹೋದ ಬಳಿಕ, ಈ ನಷ್ಟವನ್ನು ಯಾವ ಪೇಟೆಯೂ ತುಂಬಿಕೊಡಲಾರದು. ಹಲಸಿನ ಮರವು ವೀಣೆಯ ಕೊಡಕ್ಕೆ ಯೋಗ್ಯವೆಂದು ಹಿರಿಯರು ಆರಿಸಿಕೊಂಡರು. ವೀಣೆಗೆ ಸಂದ ಮರವು ದೋಸೆಯ ತಟ್ಟೆಯನ್ನು ಹೊರಲು ಅಯೋಗ್ಯವೆ?