ಗೋಮಾಳದ ಮಣ್ಣು: ಅಸಲೋ, ಆದಾಯವೋ?

ಅಸಲನ್ನು ಕರಗಿಸಿ ಅದನ್ನೇ ಲಾಭವೆಂದು ಹಂಚಿಕೊಳ್ಳುವ ವರ್ತಕನನ್ನು ಶಿವಾಜಿನಗರದ ಯಾವ ಅಂಗಡಿಯವನೂ ಜಾಣನೆಂದು ಕರೆಯಲಾರ. ಹುಲ್ಲುಗಾವಲನ್ನು ಉತ್ತು ಹೊಲ ಮಾಡುವಾಗ ನಡೆಯುವುದು ಬಹುಮಟ್ಟಿಗೆ ಇದೇ. ಹೊಸದಾಗಿ ಉತ್ತ ಗೋಮಾಳದಲ್ಲಿ ಮೊದಲ ಕೆಲವು ವರ್ಷ ರಾಗಿ ಹುಲುಸಾಗಿ ಬರುವುದುಂಟು. ಆ ಫಸಲಿನ ಒಂದು ಪಾಲು ದಶಕಗಳ ಕಾಲ ಹುಲ್ಲಿನ ಬೇರುಗಳು ಮಣ್ಣಿನಲ್ಲಿ ಕೂಡಿಟ್ಟ ಸಾವಯವ ಅಂಶದ ವೆಚ್ಚದಿಂದ ಬಂದದ್ದು.

ಹುಲ್ಲಿನ ಬೇರು ಸತ್ತು ಕೊಳೆತಾಗ ಅದರ ಇಂಗಾಲದ ಒಂದಂಶ ಮಣ್ಣಿನ ಹೆಂಟೆಗಳೊಳಗೆ ಭದ್ರವಾಗಿ ಉಳಿಯುತ್ತದೆ. ನೇಗಿಲು ಆ ಹೆಂಟೆಗಳನ್ನು ಒಡೆಯುತ್ತದೆ, ಗಾಳಿಯಾಡುತ್ತದೆ, ಸೂಕ್ಷ್ಮಜೀವಿಗಳು ಇಂಗಾಲವನ್ನು ತಿಂದು ಅನಿಲವಾಗಿ ಹೊರಬಿಡುತ್ತವೆ. ಮೇಲಾಗಿ ರಾಗಿಯ ಹುಲ್ಲೂ ಹೊಲದಿಂದ ಕೊಟ್ಟಿಗೆಗೆ ಹೋಗುತ್ತದೆ. ಬೇಸಿಗೆಯಲ್ಲಿ ನೆಲ ಬರಿದಾಗಿ, ಮೊದಲ ಮಳೆಗೆ ಮೇಲ್ಮಣ್ಣೇ ಹರಿದುಹೋಗುತ್ತದೆ. ಗುವೊ ಮತ್ತು ಗಿಫರ್ಡ್ ಎಂಬ ವಿಜ್ಞಾನಿಗಳು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2002ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಹುಲ್ಲುಗಾವಲು ಹೊಲವಾದಾಗ ಮಣ್ಣಿನ ಇಂಗಾಲ ಸರಾಸರಿ ಶೇ. 59ರಷ್ಟು ಕುಸಿದಿತ್ತು, ಹೊಲವನ್ನು ಮರಳಿ ಹುಲ್ಲಿಗೆ ಬಿಟ್ಟಾಗ ಏರಿದ್ದು ಶೇ. 19 ಮಾತ್ರ. ಇದು ಸರಾಸರಿ, ಹೊಸಕೋಟೆಯ ಕೆಂಪು ಮಣ್ಣಿಗೆ ಇದೇ ಅಂಕಿ ಅನ್ವಯಿಸುತ್ತದೆಂದು ಯಾರೂ ಹೇಳಬೇಕಾಗಿಲ್ಲ.

ಒಂದು ಎಕರೆಯ ಮೇಲಿನ ಒಂದು ಅಡಿ ಮಣ್ಣಿನ ತೂಕ ಸುಮಾರು 1,700 ಟನ್. ಅದರಲ್ಲಿ ಇಂಗಾಲ ಶೇ. 0.1ರಷ್ಟು ಇಳಿದರೆ 1.7 ಟನ್ ಇಂಗಾಲ, ಅಂದರೆ ಸುಮಾರು 6.2 ಟನ್ ಇಂಗಾಲದ ಡೈಆಕ್ಸೈಡ್ ಗಾಳಿ ಸೇರಿದಂತೆ. ಮಣ್ಣು ಪರೀಕ್ಷೆಯಲ್ಲಿ ಶೇ. 0.5ಕ್ಕಿಂತ ಕಡಿಮೆ ಸಾವಯವ ಇಂಗಾಲವನ್ನು 'ಕಡಿಮೆ' ಎಂದೇ ನಮೂದಿಸುತ್ತಾರೆ. ಇಷ್ಟು ಸಣ್ಣ ಖಾತೆಯಲ್ಲಿ 0.1 ಸಣ್ಣ ಮೊತ್ತವಲ್ಲ.

ಪ್ರತಿ ನೂರು ಜಾನುವಾರಿಗೆ 12 ಹೆಕ್ಟೇರ್ ಗೋಮಾಳ ಕಾದಿಡಬೇಕೆಂದು 1966ರ ಕರ್ನಾಟಕ ಭೂಕಂದಾಯ ನಿಯಮಗಳು ವಿಧಿಸಿದವು. ಮತ್ತೊಂದೆಡೆ ಬಗರ್ ಹುಕುಂ ಸಾಗುವಳಿಯ ಸಕ್ರಮ ಕಂತುಕಂತಾಗಿ ಬಂದಿತು. ಉತ್ತವನು ಬಹುಪಾಲು ಬಡ ರೈತ. ಅವನನ್ನು ದೂರುವುದು ನ್ಯಾಯವಲ್ಲ. ಆದರೆ ಸಕ್ರಮದ ಕಡತದಲ್ಲಿ ಮಣ್ಣಿನ ಅಸಲಿಗೆ ಒಂದು ಕಲಮೂ ಇಲ್ಲವೆಂಬುದು ಲೆಕ್ಕಪತ್ರದ ದೃಷ್ಟಿಯಿಂದ ವಿಚಿತ್ರ.

ಇಂದಿರಾನಗರದ ಕಚೇರಿಗೂ ಕೃಷ್ಣರಾಜಪುರದ ಕಾರ್ಖಾನೆಗೂ ಇದರಲ್ಲೇನಿದೆ? 2023ರಲ್ಲಿ ಕೇಂದ್ರ ಸರ್ಕಾರ ಕಾರ್ಬನ್ ಕ್ರೆಡಿಟ್ ವಹಿವಾಟಿನ ಯೋಜನೆಯನ್ನು ಅಧಿಸೂಚಿಸಿತು. ಅದಕ್ಕೂ ಮೊದಲೇ, 2017ರ ಹಣಕಾಸು ಕಾಯ್ದೆ ಇಂತಹ ಕ್ರೆಡಿಟ್‌ಗಳ ಮಾರಾಟದ ಆದಾಯಕ್ಕೆ ಶೇ. 10ರ ತೆರಿಗೆಯನ್ನು ಗೊತ್ತುಪಡಿಸಿ, ಅದನ್ನೊಂದು ಸರಕಾಗಿ ಒಪ್ಪಿಕೊಂಡಿತ್ತು. ಗಿಡ ನೆಟ್ಟ ಪ್ರಮಾಣಪತ್ರ ಕೊಂಡರೆ ಯುರೋಪಿನ ಗಡಿ ಇಂಗಾಲ ಶುಲ್ಕ ತಪ್ಪುತ್ತದೆಂಬ ನಂಬಿಕೆಯೂ ಬೋಲ್ಟು-ನಟ್ಟು ರಫ್ತು ಮಾಡುವ ಸಣ್ಣ ಉದ್ಯಮಿಗಳಲ್ಲಿ ಕಾಣುತ್ತದೆ. ಅದು ತಪ್ಪು ಗ್ರಹಿಕೆ. ಆ ಶುಲ್ಕ ಸರಕಿನ ತಯಾರಿಕೆಯ ಹೊಗೆಯನ್ನು ಲೆಕ್ಕ ಹಾಕುತ್ತದೆ, ಬೇರೆಲ್ಲೋ ನೆಟ್ಟ ಸಸಿಯನ್ನಲ್ಲ.

ಇನ್ನೂ ಗಂಭೀರವಾದದ್ದು, ಆ ಸಸಿಗಾಗಿ ಗುಂಡಿ ತೋಡಿದ ಜಾಗ ಯಾವುದೆಂಬುದು. 'ಪಾಳುಭೂಮಿ' ಎಂಬ ಹೆಸರಿನಡಿ ಹುಲ್ಲುಗಾವಲೂ ಸೇರಿಹೋಗುತ್ತದೆ. ಹೆಸರಘಟ್ಟದ 5,000 ಎಕರೆಗೂ ಮಿಕ್ಕ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಮಾಡಲು ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿದ್ದು 2024ರಲ್ಲಿ. ಅಲ್ಲಿಯವರೆಗೆ ಅದನ್ನು ಖಾಲಿ ಜಾಗವೆಂದು ಕಂಡವರೇ ಹೆಚ್ಚು. ಇಂತಹ ನೆಲವನ್ನು ಅಗೆದು ಕೊಟ್ಟ ಪತ್ರದಲ್ಲಿ ಜಮೆ ಇರುತ್ತದೆ, ಖರ್ಚು ಇರುವುದಿಲ್ಲ. ಆದುದರಿಂದ ಯಾವುದೇ ಸದಸ್ಯ ಸಂಸ್ಥೆ ಅಂತಹ ಪತ್ರಕ್ಕೆ ಚೆಕ್ ಬರೆಯುವ ಮುನ್ನ ಆ ಸರ್ವೆ ನಂಬರಿನ ಹಿಂದಿನ 20 ವರ್ಷಗಳ ಪಹಣಿಯನ್ನೂ, ಕೆಲಸಕ್ಕೆ ಮುನ್ನ ಮಾಡಿಸಿದ ಮಣ್ಣು ಪರೀಕ್ಷೆಯ ವರದಿಯನ್ನೂ ಕೇಳಿ ಪಡೆಯಬೇಕು.