ರೈತನ ಅಳತೆಗೋಲಿನಲ್ಲಿ ಅಥಣಿಯ ಶಾಸಕರು

ಅಥಣಿ ತಾಲೂಕೊಂದರಲ್ಲೇ ಎರಡು ನಾಡುಗಳಿವೆ ಎಂದರೆ ತಪ್ಪಾಗಲಾರದು. ಕೃಷ್ಣೆಯ ದಂಡೆಯ ಸಪ್ತಸಾಗರ, ದರೂರ, ಸತ್ತಿಯಂಥ ಊರುಗಳಲ್ಲಿ ಕಬ್ಬು ಎದೆಯೆತ್ತರ ನಿಲ್ಲುತ್ತದೆ. ಹೊಳೆ ತುಂಬಿದರೆ ಅದೇ ಕಬ್ಬು ನೀರಿನಲ್ಲಿ ಕೊಳೆಯುತ್ತದೆ. ತೆಲಸಂಗ, ಐಗಳಿ, ಕೊಟ್ಟಲಗಿಯ ಕಡೆಗೆ ಹೋದರೆ ಮುಗಿಲು ನೋಡುವ ಮಡ್ಡಿ ಜಮೀನು. ಅಲ್ಲಿಯ ರೈತ ದ್ರಾಕ್ಷಿ ಬಳ್ಳಿಗೆ ಬೋರಿನ ನೀರನ್ನು ಅಳೆದು ಅಳೆದು ಬಿಡಬೇಕು. ಇಲ್ಲಿಂದ ಆರಿಸಿ ಹೋದವರು ಈ ಎರಡೂ ಕಡೆಯ ಅಹವಾಲನ್ನು ಹೊತ್ತುಕೊಂಡೇ ಹೋಗಬೇಕು.

ಶ್ರೀ ಲಕ್ಷ್ಮಣ ಸಂಗಪ್ಪ ಸವದಿಯವರು 1960ರಲ್ಲಿ ಜನಿಸಿದವರು. ಭಾರತೀಯ ಜನತಾ ಪಕ್ಷದಿಂದ 2004, 2008 ಮತ್ತು 2013ರಲ್ಲಿ ಅಥಣಿಯಿಂದ ಗೆದ್ದರು, 2018ರಲ್ಲಿ ಸೋತರು. ಸೋತಿದ್ದರೂ 2019ರ ಆಗಸ್ಟಿನಲ್ಲಿ ಉಪಮುಖ್ಯಮಂತ್ರಿಯಾದರು, ಮರುವರ್ಷ ವಿಧಾನ ಪರಿಷತ್ತಿಗೆ ಹೋದರು. 2023ರಲ್ಲಿ ಟಿಕೆಟ್ ದೊರೆಯದೆ ಕಾಂಗ್ರೆಸ್ ಸೇರಿ ಮತ್ತೆ ವಿಧಾನಸಭೆಗೆ ಬಂದರು. ಗೆಲ್ಲಿಸಿದವರೂ ಸೋಲಿಸಿದವರೂ ಅಥಣಿಯ ಮತದಾರರೇ.

ರಾಜ್ಯದ ಮೊದಲ ಪ್ರತ್ಯೇಕ ಕೃಷಿ ಮುಂಗಡಪತ್ರ 2011ರಲ್ಲಿ ಮಂಡನೆಯಾಗಿ, ಶೇಕಡಾ 1ರ ಬಡ್ಡಿಯಲ್ಲಿ ಬೆಳೆಸಾಲ ಘೋಷಣೆಯಾದಾಗ ಸಹಕಾರ ಖಾತೆ ಸವದಿಯವರ ಕೈಯಲ್ಲಿತ್ತು. ಅದು ಒಬ್ಬರ ಕೆಲಸವಲ್ಲ, ಇಡೀ ಸರಕಾರದ ತೀರ್ಮಾನ. ಆದರೂ ಸಾಹುಕಾರನ ಬಡ್ಡಿಗೆ ಬೆದರಿದ ಸಣ್ಣ ಹಿಡುವಳಿದಾರನಿಗೆ ಅದರ ಬೆಲೆ ಗೊತ್ತು. ಸದನದಲ್ಲಿ ಮೊಬೈಲ್ ದೃಶ್ಯ ವೀಕ್ಷಿಸಿದ ವಿವಾದದಿಂದ 2012ರ ಫೆಬ್ರವರಿಯಲ್ಲಿ ಅವರು ಮಂತ್ರಿಸ್ಥಾನ ಬಿಟ್ಟದ್ದೂ ಇದೇ ದಾಖಲೆಯ ಭಾಗ. ಲೆಕ್ಕ ಬರೆಯುವಾಗ ಜಮೆ ಖರ್ಚು ಎರಡನ್ನೂ ಬರೆಯಬೇಕು.

ಇನ್ನು ಮುಂದಿನ ಮಾತು. ಶಾಸಕರು ಯಾರೇ ಆಗಲಿ, ಯಾವ ಪಕ್ಷದವರೇ ಆಗಲಿ, ರೈತರು ಮೂರು ವಿಷಯಗಳಿಂದ ಅವರ ದುಡಿಮೆಯನ್ನು ಅಳೆಯಬೇಕು.

ಮೊದಲನೆಯದು ನೀರು. ಅಮ್ಮಾಜೇಶ್ವರಿ ಕೊಟ್ಟಲಗಿ ಏತ ನೀರಾವರಿಯಂಥ ಯೋಜನೆಗೆ ಅಡಿಗಲ್ಲು ಬಿದ್ದರೆ ಸಾಲದು. ಕಾಲುವೆಯ ತುದಿಯ ಹೊಲಕ್ಕೆ ನೀರು ಮುಟ್ಟಿತೇ ಎಂಬುದೇ ಪ್ರಶ್ನೆ. ಬೇಸಿಗೆಯಲ್ಲಿ ಕೃಷ್ಣೆ ಬತ್ತಿದಾಗ ಪ್ರತಿ ಸಲ ಮಹಾರಾಷ್ಟ್ರದ ಮುಂದೆ ಕೋಯ್ನಾ ನೀರಿಗಾಗಿ ಕೈಯೊಡ್ಡುವುದಕ್ಕಿಂತ ಎರಡು ರಾಜ್ಯಗಳ ನಡುವೆ ಕಾಯಂ ಒಪ್ಪಂದ ಆಗಬೇಕು.

ಎರಡನೆಯದು ಕಬ್ಬಿನ ಬೆಲೆ. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲಿ ಕುಳಿತ ಮೇಲೆಯೇ 3,300 ರೂಪಾಯಿಯ ತೀರ್ಮಾನ ಬಂತು. ಕಬ್ಬು ಕೊಟ್ಟ 14 ದಿನಗಳಲ್ಲಿ ಹಣ ಕೊಡಬೇಕು, ತಡವಾದರೆ ಶೇಕಡಾ 15ರ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆಜ್ಞೆ ಹೇಳುತ್ತದೆ. ಆ ಬಡ್ಡಿ ಯಾರ ಖಾತೆಗಾದರೂ ಬಿದ್ದಿದೆಯೇ ಎಂದು ಶಾಸಕರು ಸದನದಲ್ಲಿ ಕೇಳಬೇಕು.

ಮೂರನೆಯದು ನೆರೆ. 2005ರಲ್ಲಿಯೂ 2019ರಲ್ಲಿಯೂ ನದಿದಂಡೆಯ ಜನ ಮನೆ ಬಿಟ್ಟು ಎತ್ತರಕ್ಕೆ ಓಡಿದರು. ಪರಿಹಾರದ ಚೆಕ್ಕಿನ ಜೊತೆಗೆ ಎತ್ತರದ ಜಾಗದಲ್ಲಿ ಹಕ್ಕುಪತ್ರವುಳ್ಳ ನಿವೇಶನವೂ ಬೇಕು.

ವಾಚನಾಲಯಕ್ಕೆ ಬರುವ ರೈತ ಬಾಂಧವರಲ್ಲಿ ನಮ್ಮದೊಂದು ಸೂಚನೆ. ಒಂದು ನೂರು ಪುಟದ ವಹಿ ತನ್ನಿ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆದಾಗಲೆಲ್ಲ ನಿಮ್ಮ ಶಾಸಕರು ಈ ಮೂರು ವಿಷಯಗಳ ಮೇಲೆ ಏನು ಕೇಳಿದರು, ಮಂತ್ರಿಗಳು ಏನು ಉತ್ತರಿಸಿದರು ಎಂದು ತಾರೀಖು ಹಾಕಿ ಬರೆದಿಡಿ. ಶಾಸಕರು ಊರಿಗೆ ಬಂದಾಗ ಹಾರದ ಜೊತೆಗೆ ಆ ವಹಿಯನ್ನೂ ಅವರ ಮುಂದೆ ಇಡಿ. ಕೆಲಸ ಮಾಡಿದವರಿಗೆ ಅದು ಗೌರವ, ಮಾಡದವರಿಗೆ ನೆನಪೋಲೆ.