ಟೇಪಿನ ಅಳತೆ, ಸೂತ್ರದ ಊಹೆ

ಮೈಯಲ್ಲಿ ಶೇಕಡಾ ಎಷ್ಟು ಕೊಬ್ಬಿದೆ ಎಂದು ತಿಳಿಯಲು ಈಗ ಮನೆ ಬಿಟ್ಟು ಹೋಗಬೇಕಿಲ್ಲ. ಟೇಪು ಹಿಡಿದು ಎತ್ತರ, ಕುತ್ತಿಗೆ, ಹೊಟ್ಟೆಯ ಸುತ್ತಳತೆ ತೆಗೆದು ಮೊಬೈಲಿಗೆ ತುಂಬಿದರೆ ‘23.1’ ಎಂದು ಉತ್ತರ ಬರುತ್ತದೆ. ಹೆಂಗಸರಾದರೆ ಪೃಷ್ಠದ ಸುತ್ತಳತೆಯೂ ಬೇಕು. ಅಳತೆ ತೆಗೆಯುವುದಕ್ಕೆ ನನ್ನದೇನೂ ಆಕ್ಷೇಪವಿಲ್ಲ. ತಕರಾರಿರುವುದು ಆ ದಶಮಾಂಶದ ಠೀವಿಯ ಮೇಲೆ.

ಈ ಲೆಕ್ಕ ಹುಟ್ಟಿದ್ದು ಅಮೆರಿಕದ ನೌಕಾಪಡೆಯಲ್ಲಿ. ಎತ್ತರ–ತೂಕದ ಪಟ್ಟಿ ನೋಡಿ ದಪ್ಪಗಿದ್ದಾನೆ ಎಂದು ಯಾರನ್ನೂ ತಳ್ಳಿಹಾಕಬಾರದೆಂದು ಅಲ್ಲಿನ ವೈದ್ಯ ಆಲ್ಬರ್ಟ್ ಬೆಂಕೆ 1942ರಲ್ಲೇ ತೋರಿಸಿಕೊಟ್ಟಿದ್ದರು. ಪಟ್ಟಿಯ ಪ್ರಕಾರ ಅತಿತೂಕದವರಾಗಿದ್ದ ವೃತ್ತಿಪರ ಫುಟ್‌ಬಾಲ್ ಆಟಗಾರರನ್ನು ನೀರಿನಲ್ಲಿ ಮುಳುಗಿಸಿ ತೂಗಿದಾಗ, ಹೆಚ್ಚಿನ ತೂಕ ಸ್ನಾಯುವಿನದೆಂದು ಗೊತ್ತಾಯಿತು. ಆದರೆ ಪಡೆಯವರನ್ನೆಲ್ಲ ತೊಟ್ಟಿಗೆ ಇಳಿಸುವುದು ಆಗಹೋಗುವ ಮಾತಲ್ಲ. 1984ರಲ್ಲಿ ಹಾಜ್‌ಡನ್ ಮತ್ತು ಬೆಕೆಟ್ ಎಂಬ ಸಂಶೋಧಕರು ಆ ತೊಟ್ಟಿಯ ಉತ್ತರವನ್ನು ಟೇಪಿನಿಂದಲೇ ಅಂದಾಜು ಮಾಡುವ ಸೂತ್ರ ಕೊಟ್ಟರು. ಗಂಡಸಿನ ಹೊಟ್ಟೆಯ ಅಳತೆಯಿಂದ ಕುತ್ತಿಗೆಯ ಅಳತೆ ಕಳೆದು, ಎತ್ತರವನ್ನೂ ಸೇರಿಸಿ ಲಾಗರಿದಮ್ ಹಾಕುವ ಲೆಕ್ಕ ಅದು. ಸೂತ್ರ ಕಟ್ಟಲು ಬಳಸಿದ ನಾವಿಕರ ಮೈಗಳಲ್ಲೇ ಅದು ಸುಮಾರು 3.5 ಅಂಶದಷ್ಟು ಆಚೀಚೆ ಹೋಗುತ್ತಿತ್ತು.

ಹಾಗೆ ನೋಡಿದರೆ ತೊಟ್ಟಿಯೂ ಕೊಬ್ಬನ್ನು ಅಳೆಯುವುದಿಲ್ಲ. ಅದು ಅಳೆಯುವುದು ಮೈಯ ಸಾಂದ್ರತೆಯನ್ನು; ಅದನ್ನು ಶೇಕಡಾಕ್ಕೆ ತಿರುಗಿಸುವುದು ಮತ್ತೊಂದು ಸಮೀಕರಣ. ಬರಿಗಾಲಲ್ಲಿ ನಿಂತರೆ ಕೊಬ್ಬಿನ ಪ್ರಮಾಣ ತೋರಿಸುವ ಎಲೆಕ್ಟ್ರಾನಿಕ್ ತೂಕದ ಯಂತ್ರವಂತೂ ಅಳೆಯುವುದು ಸಣ್ಣ ವಿದ್ಯುತ್ತಿಗೆ ಮೈ ಒಡ್ಡುವ ತಡೆಯನ್ನು ಮಾತ್ರ. ಮೈಯ ನೀರಿನಂಶ ಏರಿಳಿದರೆ ಅದರ ಮಾತೂ ಬದಲಾಗುತ್ತದೆ.

ಒಂದು ಲೆಕ್ಕ ಮಾಡಿಯೇ ನೋಡೋಣ. ಎತ್ತರ 170 ಸೆಂಟಿಮೀಟರ್, ಹೊಟ್ಟೆ 92, ಕುತ್ತಿಗೆ 38 ಇರುವ ಗಂಡಸು. ನೌಕಾಪಡೆಯ ಸೂತ್ರದಲ್ಲಿ ಅವನ ಕೊಬ್ಬು ಶೇ. 23. ಕುತ್ತಿಗೆಯ ಗೋಜಿಲ್ಲದ ಇನ್ನೊಂದು ಸೂತ್ರ 2018ರಲ್ಲಿ ಬಂತು: ಎತ್ತರವನ್ನು ಸೊಂಟದ ಸುತ್ತಳತೆಯಿಂದ ಭಾಗಿಸಿ, 20ರಿಂದ ಗುಣಿಸಿ, ಬಂದದ್ದನ್ನು ಗಂಡಸರಿಗೆ 64ರಿಂದ, ಹೆಂಗಸರಿಗೆ 76ರಿಂದ ಕಳೆಯಬೇಕು. ಅದೇ 92 ಹಾಕಿದರೆ ಉತ್ತರ 27. ಮನುಷ್ಯ ಅವನೇ, ಟೇಪೂ ಅದೇ, ನಡುವೆ ನಾಲ್ಕು ಅಂಶದ ಅಂತರ. ಟೇಪು ಹಿಡಿದಾಗ ಅವನು ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಮೂರು ಸೆಂಟಿಮೀಟರ್ ಒಳಗೆಳೆದುಕೊಂಡನೋ, ಮೊದಲ ಸೂತ್ರದ ಉತ್ತರ 21ಕ್ಕೆ ಇಳಿಯುತ್ತದೆ. ವ್ಯಾಯಾಮವಿಲ್ಲದೆ, ಪಥ್ಯವಿಲ್ಲದೆ!

ಹಾಗಾದರೆ ಟೇಪನ್ನು ಮೂಲೆಗೆ ಎಸೆಯಬೇಕೆ? ಖಂಡಿತ ಬೇಡ, ಅದರಲ್ಲೂ ಭಾರತೀಯರು. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯಡ್ಕಿನ್ ಅಕ್ಕಪಕ್ಕ ನಿಂತ ಫೋಟೋವೊಂದು 2004ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಅಚ್ಚಾಯಿತು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ, ಒಂದೇ: 22.3. ಆದರೆ ಯಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. ತೆಳ್ಳಗೆ ಕಾಣುವ ಭಾರತೀಯನಿಗೆ ಸಕ್ಕರೆ ಕಾಯಿಲೆ ಏಕೆ ಬರುತ್ತದೆ ಎಂಬ ಪ್ರಶ್ನೆಗೆ ಇದಕ್ಕಿಂತ ಚುರುಕಾದ ಚಿತ್ರ ನನಗೆ ಗೊತ್ತಿಲ್ಲ. ನಮ್ಮ ಮಟ್ಟಿಗೆ ತೂಕದ ಯಂತ್ರ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ.

ಆದರೆ ಶೇಕಡಾ ಲೆಕ್ಕ ಉಳಿದರ್ಧವನ್ನು ಹೇಳುತ್ತದೆಯೇ? ಅಲ್ಲೇ ಇರುವುದು ಎಡವಟ್ಟು. ತೊಡೆಯ ಚರ್ಮದಡಿಯ ಕೊಬ್ಬು, ಹೊಟ್ಟೆಯೊಳಗೆ ಕರುಳು–ಪಿತ್ತಜನಕಾಂಗಗಳ ಸುತ್ತ ಸೇರಿದ ಕೊಬ್ಬು ಎರಡನ್ನೂ ಅದು ಒಂದೇ ಮೊತ್ತದಲ್ಲಿ ಸೇರಿಸಿಬಿಡುತ್ತದೆ. ಸಕ್ಕರೆ ಕಾಯಿಲೆಗೂ ಹೃದಯದ ತೊಂದರೆಗೂ ಹೆಚ್ಚು ನಂಟಿರುವುದು ಎರಡನೆಯದಕ್ಕೆ. ಅದು ಕೂಡುವ ಜಾಗದ ಸುತ್ತಲೇ ಟೇಪು ಹಾಯ್ದು ಬಂದಿರುತ್ತದೆ. ಕೆಲಸಕ್ಕೆ ಬರುವ ಆ ಸಂಖ್ಯೆಯಿಂದ ಕುತ್ತಿಗೆಯ ಅಳತೆ ಕಳೆದು, ಲಾಗರಿದಮ್ಮಿಗೆ ಅದ್ದಿ, ಇಡೀ ಮೈಯ ಸರಾಸರಿ ಮಾಡುವುದೆಂದರೆ ಗೊತ್ತಿದ್ದ ಊರಿನ ವಿಳಾಸವನ್ನು ಅಳಿಸಿ ಜಿಲ್ಲೆಯ ಹೆಸರು ಬರೆದಂತೆ.

ಆದ್ದರಿಂದ ಸೂತ್ರಕ್ಕೆ ಹೋಗುವ ಮೊದಲು ನಿಲ್ಲುವುದೇ ಲೇಸು ಎಂಬುದು ನನ್ನ ವಾದ. ಭಾರತೀಯರ ಹೊಟ್ಟೆಯ ಸುತ್ತಳತೆಗೆ ವೈದ್ಯರು ಹಾಕಿಕೊಟ್ಟ ಗೆರೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಟೇಪೂ ಇಲ್ಲವೆಂದರೆ ಒಂದು ದಾರ ಸಾಕು: ನಿಮ್ಮ ಎತ್ತರದಷ್ಟು ಉದ್ದ ಕತ್ತರಿಸಿ, ಅದನ್ನು ಅರ್ಧಕ್ಕೆ ಮಡಚಿ ಹೊಟ್ಟೆ ಸುತ್ತಿ. ತುದಿಗಳು ಕೂಡದಿದ್ದರೆ ಸೊಂಟ ಎತ್ತರದ ಅರ್ಧವನ್ನು ಮೀರಿದೆ ಎಂದರ್ಥ. ಉಡುದಾರ ಕಟ್ಟುವ ಗಂಡಸರಿಗೆ ಈ ಸುದ್ದಿ ಅದು ಬಿಗಿಯಾದಾಗಲೇ ಮುಟ್ಟಿರುತ್ತದೆ.

ಪ್ಯಾಂಟಿನ ಸೈಜನ್ನು ಮಾತ್ರ ನಂಬಬೇಡಿ. ನಡುವಯಸ್ಸಿನ ಗಂಡಸು ಹೊಟ್ಟೆ ಬೆಳೆದಂತೆಲ್ಲ ಬೆಲ್ಟನ್ನು ಕೆಳಗೆ ಇಳಿಸುತ್ತಾ ಹೋಗಿ, ‘ಇವತ್ತಿಗೂ ನಂದು ಮೂವತ್ನಾಲ್ಕೇ’ ಎನ್ನುತ್ತಾನೆ. ಟೈಲರ್ ಕೂಡ ಟೇಪಿನೊಳಗೆ ಎರಡು ಬೆರಳು ತೂರಿಸಿ, ಗಿರಾಕಿ ಪ್ಯಾಂಟು ಕಟ್ಟುವ ಜಾಗದಲ್ಲೇ ಅಳೆಯುತ್ತಾನೆ. ಅವನ ಕೆಲಸಕ್ಕೆ ಅದು ಸರಿ. ನಮಗೆ ಬೇಕಾದದ್ದು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವಿನ ಅಳತೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬಟ್ಟೆ ಸರಿಸಿ, ಉಸಿರು ಸಹಜವಾಗಿ ಬಿಟ್ಟ ಮೇಲೆ, ಟೇಪು ಚರ್ಮಕ್ಕೆ ತಾಗಿದರೂ ಒತ್ತದಂತೆ ತೆಗೆಯಬೇಕು. ಶೇಕಡಾ ಲೆಕ್ಕದ ಚಟ ಇರುವವರು ಒಂದೇ ಸೂತ್ರಕ್ಕೆ ಅಂಟಿಕೊಂಡು, ತಿಂಗಳುಗಳ ಏರಿಳಿತವನ್ನಷ್ಟೇ ನೋಡಲಿ. ಸೂತ್ರ ತಪ್ಪಿದ್ದರೂ ಹೆಚ್ಚುಕಡಿಮೆ ಪ್ರತಿಸಲ ಒಂದೇ ಕಡೆಗೆ ತಪ್ಪುತ್ತದೆ.

ಗೆರೆ ದಾಟಿದವರು ಇನ್ನೊಂದು ಆ್ಯಪ್ ಹುಡುಕುವ ಬದಲು ಖಾಲಿ ಹೊಟ್ಟೆಯ ಸಕ್ಕರೆ, ಬಿಪಿ, ಟ್ರೈಗ್ಲಿಸರೈಡ್ ನೋಡಿಸಿಕೊಳ್ಳಬೇಕು. ವಯಸ್ಸಾದವರಿಗೆ ಇಷ್ಟೂ ಸಾಲದು. ಅರವತ್ತು ದಾಟಿದ ಮೇಲೆ ಹೊಟ್ಟೆಯ ಸುತ್ತಳತೆ ಇದ್ದಲ್ಲೇ ಇದ್ದು, ತೊಡೆ–ತೋಳಿನ ಸ್ನಾಯು ಕರಗುತ್ತಿರಬಹುದು. ಹೊಟ್ಟೆಗೆ ಸುತ್ತಿದ ಟೇಪಿಗೆ ಅದರ ಸುಳಿವೇ ಸಿಗದು. ಅವರು ಕುರ್ಚಿಯಿಂದ ಕೈ ಊರದೆ ಏಳಲು ಆಗುತ್ತದೆಯೇ ಎಂದೂ ನೋಡಿಕೊಳ್ಳಲಿ.